ವೈರಸ್ ಇಲ್ಲದೆ ಜೀನ್ ಸಾಗಿಸುವುದು: ಎಲ್‌ಎನ್‌ಪಿ ಗಾತ್ರ ನಿಲ್ಲುತ್ತಿಲ್ಲ, ಲಿವರ್ ಬಿಟ್ಟು ಆಚೆ ಹೋಗುತ್ತಿಲ್ಲ

ಹೆಬ್ಬಾಳ_ಬೆಂಚ್

ಎಲ್ಲರಿಗೂ ನಮಸ್ಕಾರ. ವೈರಸ್ ಬಳಸದೆ ಶ್ವಾಸಕೋಶಕ್ಕೆ ಎಂಆರ್‌ಎನ್‌ಎ, ಅಂದರೆ ಪ್ರೋಟೀನ್ ಕಟ್ಟೋ ಸೂಚನೆ ಹೊತ್ತ ಆರ್‌ಎನ್‌ಎ, ಮುಟ್ಟಿಸೋದು ಗುರಿ. ಸದ್ಯ ಅದನ್ನ ಹೊರೋ ಲಿಪಿಡ್ (ಕೊಬ್ಬಿನ) ನ್ಯಾನೋಕಣದಲ್ಲೇ, ಅಂದರೆ ಎಲ್‌ಎನ್‌ಪಿಯಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ.

ನಾಲ್ಕು ಲಿಪಿಡ್: ಆಮ್ಲದಲ್ಲಿ ಧನಾವೇಶ ಪಡೆಯೋ (ಅಯಾನೀಕರಣಗೊಳ್ಳುವ) ಎಸ್‌ಎಂ-102, ಡಿಎಸ್‌ಪಿಸಿ, ಕೊಲೆಸ್ಟ್ರಾಲ್, ಹೊರಮೈಗೆ ಪೆಗ್ ಪಾಲಿಮರ್ ಹೊದಿಸೋ ಡಿಎಂಜಿ-ಪೆಗ್ 2000. ಮೋಲ್ ಲೆಕ್ಕದಲ್ಲಿ 50:10:38.5:1.5. ಬೆಳಕು ಕೊಡೋ ಪ್ರೋಟೀನ್ ಲೂಸಿಫರೇಸ್‌ನ ಎಂಆರ್‌ಎನ್‌ಎ, ಸಿಟ್ರೇಟ್ ಬಫರ್ 50 ಮಿಲಿಮೋಲಾರ್, ಪಿಎಚ್ 4. ಆರ್‌ಎನ್‌ಎ ದ್ರವ ಮೂರು ಪಾಲು, ಎಥನಾಲ್‌ನಲ್ಲಿ ಕರಗಿಸಿದ ಲಿಪಿಡ್ ಒಂದು ಪಾಲು, ಪೈಪೆಟ್‌ನಲ್ಲೇ ಮಿಶ್ರಣ; ಎಥನಾಲ್ ತೆಗೆಯೋಕೆ ರಾತ್ರಿಯಿಡೀ ಪಿಬಿಎಸ್ ಅನ್ನೋ ಫಾಸ್ಫೇಟ್ ಉಪ್ಪಿನ ಬಫರ್‌ನಲ್ಲಿ ಡಯಾಲಿಸಿಸ್. ಬೆರೆಸಿದ ತಕ್ಷಣ ಗಾತ್ರ 165 ನ್ಯಾನೋಮೀಟರ್, ಬೆಳಿಗ್ಗೆ ನೋಡಿದರೆ 240, ಪಿಡಿಐ (ಗಾತ್ರಗಳ ಏರುಪೇರಿನ ಅಳತೆ) 0.31. ಒಳಗೆ ಸೇರಿದ ಆರ್‌ಎನ್‌ಎ 71%. ತಟ್ಟೆಯಲ್ಲಿ ಬೆಳೆಸಿದ ಹೆಪ್‌ಜಿ2 ಲಿವರ್ ಕೋಶಗಳು ಚೆನ್ನಾಗಿ ಬೆಳಗುತ್ತವೆ. ಇಲಿಯ ಬಾಲದ ರಕ್ತನಾಳಕ್ಕೆ ಕೊಟ್ಟರೆ ಲಿವರ್‌ನಲ್ಲಿ ಮಂಕಾಗಿ ಕಾಣುತ್ತೆ, ಶ್ವಾಸಕೋಶದಲ್ಲಿ ಏನೂ ಇಲ್ಲ. ಮೈಕ್ರೋಫ್ಲೂಯಿಡಿಕ್ ಯಂತ್ರ ಕೊಳ್ಳೋ ಬಜೆಟ್ ಇಲ್ಲ.

ಕೈಯಲ್ಲಿ ಬೆರೆಸಿದ್ದೇ ತಪ್ಪಾ? ಶ್ವಾಸಕೋಶಕ್ಕೆ ಏನು ಬದಲಾಯಿಸಬೇಕು? ಎಂಆರ್‌ಎನ್‌ಎ ಬದಲು ಪ್ಲಾಸ್ಮಿಡ್ (ಉಂಗುರದಾಕಾರದ ಡಿಎನ್‌ಎ) ಹಾಕಿದರೆ ಹೆಚ್ಚು ದಿನ ನಿಲ್ಲುತ್ತಾ?

ಕಣಲೆಕ್ಕ

ಮೂರು ಬೇರೆ ಬೇರೆ ತೊಂದರೆ ಒಂದೇ ಗಂಟಾಗಿವೆ, ಒಂದೊಂದಾಗಿ ಬಿಡಿಸೋಣ. ಶ್ವಾಸಕೋಶದ ಮಾತು ಆಮೇಲೆ. 240 ನ್ಯಾನೋಮೀಟರ್ ಕಣ ಚುಚ್ಚಿ ಅಂಗಾಂಗದ ಬಗ್ಗೆ ತೀರ್ಮಾನ ಮಾಡೋಕಾಗಲ್ಲ. ಅಷ್ಟು ದೊಡ್ಡದನ್ನ ಲಿವರ್‌ನ ಕುಪ್ಫರ್ ಕೋಶಗಳು ನುಂಗಿ ಮುಗಿಸುತ್ತವೆ.

ಮೊದಲು ತೂಕ. 100 ಮೈಕ್ರೋಗ್ರಾಂ ಎಂಆರ್‌ಎನ್‌ಎಗೆ ಲೆಕ್ಕ ಹಾಕ್ತೀನಿ, ನಿಮ್ಮದರ ಜೊತೆ ಹೋಲಿಸಿ ನೋಡಿ. ಒಂದು ನ್ಯೂಕ್ಲಿಯೋಟೈಡ್‌ಗೆ ಸರಾಸರಿ 330 ಹಿಡಿದರೆ ಫಾಸ್ಫೇಟ್ 0.303 ಮೈಕ್ರೋಮೋಲ್. ಎನ್/ಪಿ, ಅಂದರೆ ಲಿಪಿಡ್‌ನ ಅಮೀನ್‌ಗೂ ಆರ್‌ಎನ್‌ಎಯ ಫಾಸ್ಫೇಟ್‌ಗೂ ಇರೋ ಅನುಪಾತ, 6 ಬೇಕಾದರೆ ಎಸ್‌ಎಂ-102 1.82 ಮೈಕ್ರೋಮೋಲ್, ಅಂದರೆ 1.29 ಮಿಲಿಗ್ರಾಂ. ಅದಕ್ಕೆ ತಕ್ಕಂತೆ ಡಿಎಸ್‌ಪಿಸಿ 0.287, ಕೊಲೆಸ್ಟ್ರಾಲ್ 0.541, ಡಿಎಂಜಿ-ಪೆಗ್ 0.137 ಮಿಲಿಗ್ರಾಂ. ಒಟ್ಟು ಲಿಪಿಡ್ 2.26 ಮಿಲಿಗ್ರಾಂ.

ಇಷ್ಟು ಸಣ್ಣ ತೂಕವನ್ನ ತಕ್ಕಡಿಯಲ್ಲಿ ನೇರ ತೂಗಬೇಡಿ, ಎಥನಾಲ್‌ನಲ್ಲಿ ಸ್ಟಾಕ್ ಮಾಡಿಟ್ಟುಕೊಳ್ಳಿ. ಎಸ್‌ಎಂ-102 ಒಂದು ಎಂಎಲ್‌ಗೆ 20 ಮಿಲಿಗ್ರಾಂ ಇದ್ದರೆ 65 ಮೈಕ್ರೋಲೀಟರ್, ಡಿಎಸ್‌ಪಿಸಿ 5 ಇದ್ದರೆ 57, ಕೊಲೆಸ್ಟ್ರಾಲ್ 10 ಇದ್ದರೆ 54, ಪೆಗ್ 5 ಇದ್ದರೆ 27. ಉಳಿದದ್ದು ಶುದ್ಧ ಎಥನಾಲ್ 161. ಒಟ್ಟು 364 ಮೈಕ್ರೋಲೀಟರ್, ಲಿಪಿಡ್ ಸಾಂದ್ರತೆ 10 ಮಿಲಿಮೋಲಾರ್. ಆರ್‌ಎನ್‌ಎ ಕಡೆ 1.09 ಎಂಎಲ್ ಸಿಟ್ರೇಟ್.

ಈಗ ಎರಡು ಪ್ರಶ್ನೆ. ಡಿಎಸ್‌ಪಿಸಿ ಸ್ಟಾಕ್ ಎಲ್ಲಿ ಇಡ್ತೀರಿ? ಬೆರೆಸಿದ ಮೇಲೆ ಡಯಾಲಿಸಿಸ್‌ಗೆ ಇಳಿಸೋಕೆ ಎಷ್ಟು ಹೊತ್ತಾಗುತ್ತೆ?

ಹೆಬ್ಬಾಳ_ಬೆಂಚ್

ತುಂಬಾ ಧನ್ಯವಾದ ಸರ್. ಸ್ಟಾಕ್ ಎಲ್ಲಾ ಮೈನಸ್ 20ರಲ್ಲಿ. ಅಲ್ಲಿಂದ ತೆಗೆದು ಐಸ್ ಮೇಲಿಟ್ಟು ಬಳಸ್ತೀನಿ. ಡಯಾಲಿಸಿಸ್ ಪೊರೆ ನೆನೆಸಿ ಸಿದ್ಧ ಮಾಡೋಷ್ಟರಲ್ಲಿ ಸುಮಾರು 40 ನಿಮಿಷ ಆಗುತ್ತೆ.

ಕಣಲೆಕ್ಕ

ಎರಡೂ ಕಡೆ ಎಡವಿದ್ದೀರಿ, ಎರಡಕ್ಕೂ ಪರಿಹಾರ ಸುಲಭ.

ಡಿಎಸ್‌ಪಿಸಿ ಕರಗೋ ಉಷ್ಣಾಂಶ ಸುಮಾರು 55 ಡಿಗ್ರಿ. ತಣ್ಣಗಿನ ಎಥನಾಲ್‌ನಲ್ಲಿ ಅದು ಸದ್ದಿಲ್ಲದೆ ಹೊರಗೆ ಬೀಳುತ್ತೆ. ವಯಲ್ಲನ್ನ ಟ್ಯೂಬ್‌ಲೈಟ್‌ಗೆ ಹಿಡಿದು ನಿಧಾನ ಓರೆ ಮಾಡಿ. ತಳದಿಂದ ಹೆಪ್ಪುಗಟ್ಟಿದ ತುಪ್ಪದ ಹರಳಿನಂಥ ಬಿಳಿ ಎಳೆ ಏಳ್ತಾವೆ. ಮೇಲಿನ ತಿಳಿಯನ್ನ ಪೈಪೆಟ್ ಮಾಡಿದರೆ ಡಿಎಸ್‌ಪಿಸಿ ಅರ್ಧವೂ ಬಂದಿರಲ್ಲ, ಅನುಪಾತ ಬುಡದಲ್ಲೇ ಕೆಟ್ಟಿರುತ್ತೆ. 50 ಡಿಗ್ರಿ ನೀರಿನಲ್ಲಿ 10 ನಿಮಿಷ ಇಟ್ಟು, ಪೂರ್ತಿ ತಿಳಿಯಾದ ಮೇಲೆ ಕೋಣೆ ಉಷ್ಣಾಂಶದಲ್ಲೇ ಬಳಸಿ. ಐಸ್ ಬೇಡವೇ ಬೇಡ. ಆರ್‌ಎನ್‌ಎ ಮಾತ್ರ ಐಸ್ ಮೇಲಿರಲಿ, ಅದನ್ನೂ ಬೆರೆಸುವ ಮುಂಚೆ ಹೊರಗೆ ತೆಗೆಯಿರಿ.

ಇನ್ನು 40 ನಿಮಿಷದ ಮಾತು. ಬೆರೆಸಿದ ದ್ರವದಲ್ಲಿ ಎಥನಾಲ್ 25%, ಪಿಎಚ್ 4. ಈ ಸ್ಥಿತಿಯಲ್ಲಿ ಕಣದ ಮೈ ಮೆತ್ತಗಿರುತ್ತೆ, ಪೆಗ್ ಲಿಪಿಡ್ ಇನ್ನೂ ಹೊರಮೈಯಲ್ಲಿ ಗಟ್ಟಿಯಾಗಿ ಕೂತಿರಲ್ಲ. ಒಂದಕ್ಕೊಂದು ಕೂಡಿಕೊಂಡು ಬೆಳೀತಾ ಹೋಗುತ್ತವೆ. ಬೆರೆಸಿದ ಒಂದೆರಡು ನಿಮಿಷದೊಳಗೆ ಪಿಬಿಎಸ್ ಹಾಕಿ 10 ಪಟ್ಟು ಮಾಡಿ. 1.45 ಎಂಎಲ್ ಇದ್ದದ್ದು 14.5 ಎಂಎಲ್ ಆಗುತ್ತೆ, ಎಥನಾಲ್ 2.5%ಕ್ಕೆ ಇಳಿಯುತ್ತೆ. ಆಮೇಲೆ ನಿಧಾನವಾಗಿ ಡಯಾಲಿಸಿಸ್ ಮಾಡಬಹುದು, ಇಲ್ಲವೇ 100 ಕಿಲೋಡಾಲ್ಟನ್ ಫಿಲ್ಟರ್ ಟ್ಯೂಬ್‌ನಲ್ಲಿ 4 ಡಿಗ್ರಿಯಲ್ಲಿ, 1000 ಜಿ ವೇಗದಲ್ಲಿ ಸಾಂದ್ರ ಮಾಡಬಹುದು. ಮಧ್ಯೆ ಮಧ್ಯೆ ನಿಲ್ಲಿಸಿ ಪೈಪೆಟ್‌ನಿಂದ ಮೆಲ್ಲಗೆ ಕಲಕಿ, ಇಲ್ಲದಿದ್ದರೆ ಪೊರೆ ಹತ್ತಿರ ಕಣ ಒತ್ತಾಗಿ ಅಂಟಿಕೊಳ್ಳುತ್ತೆ.

ಒಳ್ಳೆ ಎಲ್‌ಎನ್‌ಪಿ ಕಣ್ಣಿಗೇ ಗೊತ್ತಾಗುತ್ತೆ. ಬೆಳಕಿಗೆ ಹಿಡಿದರೆ ತಿಳಿನೀಲಿ ಹೊಳಪು. ನೀರು ಬೆರೆಸಿದ ಹಾಲಿನ ಹಾಗೆ ಬೆಳ್ಳಗಿದ್ದರೆ ಅಳೆಯೋಕೂ ಹೋಗಬೇಡಿ.

ಟಿ_ಜಂಕ್ಷನ್

ಬೆರೆಸೋದರ ಬಗ್ಗೆ. ಕೈಯಲ್ಲಿ ಬೆರೆಸಿದ್ದೇ ತಪ್ಪು ಅಂತ ಹೇಳಲ್ಲ. ಒಂದು ಎಂಎಲ್ ಆಸುಪಾಸಿನ ಬ್ಯಾಚ್‌ಗೆ ಕೈಯೇ ವಾಸಿ. 5 ಎಂಎಲ್ ಪಾಲಿಪ್ರೊಪಿಲೀನ್ ಟ್ಯೂಬ್‌ನಲ್ಲಿ ಆರ್‌ಎನ್‌ಎ ದ್ರವ ಹಾಕಿ, ವೋರ್ಟೆಕ್ಸ್ ಮೇಲೆ ತಿರುಗ್ತಾ ಇರುವಾಗ 364 ಮೈಕ್ರೋಲೀಟರ್ ಎಥನಾಲನ್ನ ಒಂದೇ ಉಸಿರಿಗೆ ಸುಳಿಯ ನಡುವಿಗೆ ಬಿಡಿ. ಹನಿಹನಿ ಹಾಕಿದರೆ ಕೆಟ್ಟಿತು. ಮೊದಲ ಹನಿ ಬಿದ್ದಾಗ ಎಥನಾಲ್ 2%, ಕೊನೆಯದಕ್ಕೆ 25%. ಪ್ರತಿ ಹನಿಯೂ ಬೇರೆ ಬೇರೆ ಪರಿಸರದಲ್ಲಿ ಕಣ ಕಟ್ಟುತ್ತೆ, ಪಿಡಿಐ ಏರೋದು ಅಲ್ಲಿಂದಲೇ. ಸರಿಯಾಗಿ ಮಾಡಿದರೆ ಕೈಯಲ್ಲೂ 100ರಿಂದ 140 ನ್ಯಾನೋಮೀಟರ್, ಪಿಡಿಐ 0.2ರ ಹತ್ತಿರ ಸಿಗುತ್ತೆ.

ಇಲಿಗೆ ಹೋಗೋ ಬ್ಯಾಚ್‌ಗೆ ಮಾತ್ರ ಎರಡು ಸಿರಿಂಜ್ ಪಂಪ್, ಒಂದು ಪೀಕ್ ಪ್ಲಾಸ್ಟಿಕ್‌ನ ಟಿ-ಜಂಕ್ಷನ್, ಒಳರಂಧ್ರ 0.5 ಮಿಲಿಮೀಟರ್. ಎಚ್‌ಪಿಎಲ್‌ಸಿ ಬಿಡಿಭಾಗ ಮಾರೋರ ಹತ್ತಿರವೇ ಸಿಗುತ್ತೆ. ಆರ್‌ಎನ್‌ಎ ಕಡೆ ನಿಮಿಷಕ್ಕೆ 15 ಎಂಎಲ್, ಎಥನಾಲ್ ಕಡೆ 5 ಎಂಎಲ್‌ನಿಂದ ಶುರು ಮಾಡಿ. ಟಿ-ಜಂಕ್ಷನ್‌ನಲ್ಲಿ ವೇಗ ಕಡಿಮೆಯಾದರೆ ಎರಡು ದ್ರವ ಅಕ್ಕಪಕ್ಕ ಪದರವಾಗಿ ಹರೀತವೆ, ಬೆರೆಯಲ್ಲ. ವೇಗ ಹೆಚ್ಚಿಸ್ತಾ ಹೋದ ಹಾಗೆ ಗಾತ್ರ ಇಳಿದು ಒಂದು ಮಟ್ಟಕ್ಕೆ ನಿಲ್ಲುತ್ತೆ, ಆ ಮಟ್ಟವೇ ನಿಮ್ಮ ಹದ. ಮೊದಲ 0.3 ಎಂಎಲ್ ಚೆಲ್ಲಿ, ಹರಿವು ಇನ್ನೂ ಸ್ಥಿರವಾಗಿರಲ್ಲ. ಸಿರಿಂಜ್‌ನಲ್ಲಿ ಸಿಲಿಕೋನ್ ಎಣ್ಣೆ ಸವರಿದ್ದು ಬೇಡ. ಎಥನಾಲ್ ಅದನ್ನ ಎಳೆದುಕೊಂಡು ಬರುತ್ತೆ, ಬೆಳಕಿನಿಂದ ಕಣದ ಗಾತ್ರ ಅಳೆಯೋ ಡಿಎಲ್‌ಎಸ್‌ನಲ್ಲಿ ಮೈಕ್ರಾನ್ ಗಾತ್ರದ ಶಿಖರ ಕಾಣುತ್ತೆ, ಕಣ ಅಂಟಿಕೊಂಡಿದೆ ಅಂತ ನೀವು ಪೆಗ್ ಹೆಚ್ಚಿಸೋಕೆ ಹೋಗ್ತೀರಿ.

ಬೆಂಗಳೂರಿನಲ್ಲಿರೋರಿಗೆ ಎರಡು ಮಾತು. ಶುದ್ಧ ಎಥನಾಲ್‌ಗೆ ಅಬಕಾರಿ ಅನುಮತಿಯ ಕಾಗದಪತ್ರ ಇರೋದರಿಂದ ಪ್ರಾಜೆಕ್ಟ್ ಶುರುವಿನಲ್ಲೇ ಅರ್ಜಿ ಹಾಕಿ. ಇನ್ನೊಂದು, ಕ್ಯಾಂಪಸ್‌ಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರ್ತಿದ್ದರೆ ಅದು ಗಡಸು, ಶುದ್ಧನೀರಿನ ಯಂತ್ರದ ಕಾರ್ಟ್ರಿಜ್ ಬೇಗ ಸೋಲುತ್ತೆ. ಆರ್‌ಎನ್‌ಎ ಕೆಲಸದ ದಿನ ಪರದೆಯಲ್ಲಿ 18.2 ಮೆಗಓಂ ತೋರಿಸ್ತಿದೆಯಾ ನೋಡಿಯೇ ಬಫರ್ ಮಾಡಿ. ಮಳೆಗಾಲದಲ್ಲಿ ಮೈನಸ್ 20ರಿಂದ ತೆಗೆದ ಲಿಪಿಡ್ ವಯಲ್ಲನ್ನ ತಕ್ಷಣ ತೆರೆದರೆ ಗಾಳಿಯ ತೇವ ಒಳಗೆ ಹನಿಗಟ್ಟುತ್ತೆ. ಅರ್ಧ ಗಂಟೆ ಬಿಟ್ಟು ತೆರೀರಿ, ಮುಚ್ಚೋ ಮುಂಚೆ ಆರ್ಗಾನ್ ಅಥವಾ ನೈಟ್ರೋಜನ್ ಊದಿ.

ಅಳತೆಗೋಲು

71% ಅನ್ನೋ ಸಂಖ್ಯೆಯನ್ನು ನಾನು ಇನ್ನೂ ನಂಬುವುದಿಲ್ಲ. ಆರ್‌ಎನ್‌ಎಗೆ ಅಂಟಿದಾಗ ಹೊಳೆಯುವ ಬಣ್ಣವಾದ ರೈಬೋಗ್ರೀನ್‌ನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಕಣ ಒಡೆದ ಬಾವಿಯಲ್ಲಿ (ಪ್ಲೇಟಿನ ಗುಳಿಯಲ್ಲಿ) ಕಣ ಒಡೆಯುವ ಸಾಬೂನಿನಂಥ ಟ್ರೈಟಾನ್ ಇರುತ್ತದೆ, ಆದರೆ ಸ್ಟ್ಯಾಂಡರ್ಡ್ ಕರ್ವ್ ಬರೀ ಬಫರ್‌ನಲ್ಲಿ ಮಾಡಿರುತ್ತಾರೆ. ಟ್ರೈಟಾನ್ ಇದ್ದಾಗ ಹೊಳಪೇ ಬದಲಾಗುತ್ತದೆ. ಎರಡು ಕರ್ವ್ ಬೇಕು, ಟ್ರೈಟಾನ್ ಇರುವುದೊಂದು, ಇಲ್ಲದ್ದೊಂದು. ಟ್ರೈಟಾನ್ 1%, 37 ಡಿಗ್ರಿಯಲ್ಲಿ 10 ನಿಮಿಷ, ಆಮೇಲೆ ಬಣ್ಣ. ಬಾವಿಯಲ್ಲಿ ಗುಳ್ಳೆ ಕಂಡರೆ ಸೂಜಿಯ ತುದಿಯಿಂದ ಒಡೆಯಿರಿ. ಒಟ್ಟು ಆರ್‌ಎನ್‌ಎಯಿಂದ ಹೊರಗಿನದ್ದನ್ನು ಕಳೆದು, ಒಟ್ಟಿನಿಂದ ಭಾಗಿಸಿದರೆ ನಿಮ್ಮ ಶೇಕಡಾವಾರು.

ಒಟ್ಟು ಆರ್‌ಎನ್‌ಎ ನೀವು ಹಾಕಿದ್ದಕ್ಕಿಂತ ಬಹಳ ಕಡಿಮೆ ಬಂದರೆ ಅದು ಪೊರೆಗೋ ಫಿಲ್ಟರ್‌ಗೋ ಅಂಟಿದೆ ಎಂದರ್ಥ. ಇಲಿಗೆ ಡೋಸ್ ಲೆಕ್ಕ ಹಾಕುವಾಗ ಹಾಕಿದ ಪ್ರಮಾಣ ಬಳಸಬೇಡಿ, ಅಳೆದ ಪ್ರಮಾಣ ಬಳಸಿ. ಕೆಜಿಗೆ 0.5 ಮಿಲಿಗ್ರಾಂ ಎಂದರೆ 20 ಗ್ರಾಂ ಇಲಿಗೆ 10 ಮೈಕ್ರೋಗ್ರಾಂ. ಅರ್ಧ ಕಳೆದುಹೋಗಿದ್ದರೆ ಕೊಟ್ಟದ್ದು 5. ಲಿವರ್ ಮಂಕಾಗಿರುವುದಕ್ಕೆ ಇದೂ ಕಾರಣವಿರಬಹುದು.

ರೈಬೋಗ್ರೀನ್ ಪ್ರಮಾಣ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ತುಂಡಾದ ಆರ್‌ಎನ್‌ಎಯೂ ಹೊಳೆಯುತ್ತದೆ. ಆದ್ದರಿಂದ ಕಣ ಒಡೆದು ತೆಗೆದ ಆರ್‌ಎನ್‌ಎಯನ್ನು ಡಿನೇಚರಿಂಗ್ ಜೆಲ್‌ನಲ್ಲಿ ಓಡಿಸಿ. ಜೆಲ್‌ನಲ್ಲೂ ಕಾಣದ ಒಂದು ಹಾನಿ ಇದೆ. ಅಯಾನೀಕರಣಗೊಳ್ಳುವ ಲಿಪಿಡ್‌ನ ಅಮೀನ್ ಗುಂಪು ಗಾಳಿಗೆ ಉತ್ಕರ್ಷಣಗೊಂಡು ಎನ್-ಆಕ್ಸೈಡ್ ಆಗಿ, ಅದರಿಂದ ಆಲ್ಡಿಹೈಡ್ ಹುಟ್ಟಿ, ಅದು ಆರ್‌ಎನ್‌ಎಯ ಬೇಸ್‌ಗೆ ಅಂಟಿಕೊಳ್ಳುತ್ತದೆ. ಉದ್ದ ಹಾಗೇ ಇರುತ್ತದೆ, ರೈಬೋಸೋಮ್ ಮಾತ್ರ ಅದನ್ನು ಓದುವುದಿಲ್ಲ. ರಿವರ್ಸ್ ಫೇಸ್ ಅಯಾನ್ ಪೇರ್ ಎಚ್‌ಪಿಎಲ್‌ಸಿಯಲ್ಲಿ ಮುಖ್ಯ ಶಿಖರದ ಹಿಂದೆ ತಡವಾಗಿ ಬರುವ ಉಬ್ಬು ಇದರದ್ದು. ಹಳೆಯ ಲಿಪಿಡ್ ಬಾಟಲಿಯನ್ನು ತಿಂಗಳುಗಟ್ಟಲೆ ತೆರೆದು ಮುಚ್ಚಿ ಬಳಸುವವರು ಇದನ್ನು ನೆನಪಿಡಬೇಕು.

ಎಂಆರ್‌ಎನ್‌ಎ ನೀವೇ ತಯಾರಿಸಿದ್ದಾದರೆ ದ್ವಿಎಳೆ ಆರ್‌ಎನ್‌ಎ ತೆಗೆದಿದ್ದೀರಾ? 16% ಎಥನಾಲ್ ಇರುವ ಬಫರ್‌ನಲ್ಲಿ ಸೆಲ್ಯುಲೋಸ್ ಪುಡಿಯೊಂದಿಗೆ ಅಲುಗಾಡಿಸಿದರೆ ದ್ವಿಎಳೆ ಅದಕ್ಕೆ ಅಂಟುತ್ತದೆ, ಬೇಕಾದದ್ದು ದ್ರವದಲ್ಲಿ ಉಳಿಯುತ್ತದೆ. ದ್ವಿಎಳೆಯನ್ನು ಗುರುತಿಸುವ ಜೆ2 ಆಂಟಿಬಾಡಿಯ ಡಾಟ್ ಬ್ಲಾಟ್‌ನಿಂದ ಖಚಿತಪಡಿಸಿಕೊಳ್ಳಿ. ಅದು ಉಳಿದರೆ ಕೋಶದ ಇಂಟರ್‌ಫೆರಾನ್ ಎದ್ದು ಅನುವಾದವನ್ನೇ ನಿಲ್ಲಿಸುತ್ತದೆ, ನೀವು ಸುಮ್ಮನೆ ಕಣವನ್ನು ದೂರುತ್ತೀರಿ.

ಕೋಶದೊಳಗೆ

ಹೆಪ್‌ಜಿ2 ಬೆಳಗಿದ್ದಕ್ಕೆ ಖುಷಿಪಡಬೇಡಿ ಅನ್ನೋದಕ್ಕೆ ಕಾರಣ ಇದೆ. ಆ ಕೋಶ ತಾನೇ ಅಪೋಇ ಪ್ರೋಟೀನ್ ಸುರಿಸುತ್ತೆ. ಎಲ್‌ಎನ್‌ಪಿ ರಕ್ತಕ್ಕೆ ಬಿದ್ದ ಮೇಲೆ ಪೆಗ್ ಲಿಪಿಡ್ ಕಳಚುತ್ತೆ, ಡಿಎಂಜಿಯ 14 ಇಂಗಾಲದ ಗಿಡ್ಡ ಬಾಲ ಬೇಗ ಬಿಟ್ಟುಕೊಡುತ್ತೆ. ಆ ಜಾಗದಲ್ಲಿ ಅಪೋಇ ಕೂರುತ್ತೆ, ಎಲ್‌ಡಿಎಲ್ ರಿಸೆಪ್ಟರ್ ಅದನ್ನ ಕೊಲೆಸ್ಟ್ರಾಲ್ ಕಣ ಅಂತಲೇ ತಿಳಿದು ಲಿವರ್ ಕೋಶದೊಳಗೆ ಎಳೆದುಕೊಳ್ಳುತ್ತೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಲ್‌ಎನ್‌ಪಿ ಔಷಧ ಪಟಿಸಿರಾನ್ ಕೆಲಸ ಮಾಡೋದೇ ಈ ದಾರಿಯಲ್ಲಿ. ಲಿವರ್‌ಗೆ ಹೋಗೋದು ನಿಮ್ಮ ಕಣದ ದೋಷ ಅಲ್ಲ, ಆ ರೆಸಿಪಿಯ ಸ್ವಭಾವ. ಶ್ವಾಸಕೋಶದ ಎ549ನಂಥ ಕೋಶದಲ್ಲಿ ನೋಡುವಾಗ ಒಂದು ಎಂಎಲ್‌ಗೆ 1 ಮೈಕ್ರೋಗ್ರಾಂ ಅಪೋಇ ಹಾಕಿದ್ದು, ಹಾಕದ್ದು ಎರಡನ್ನೂ ಹೋಲಿಸಿ.

ಅಂಗ ಬದಲಾಯಿಸೋಕೆ ಸದ್ಯಕ್ಕೆ ಸರಳ ದಾರಿ ಅಂದರೆ ಡಲ್ಲಾಸ್‌ನ ಯುಟಿ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದ ಗುಂಪು 2020ರಲ್ಲಿ ಪ್ರಕಟಿಸಿದ ಸಾರ್ಟ್ ವಿಧಾನ. ನಾಲ್ಕು ಲಿಪಿಡ್ ಹಾಗೇ ಇರುತ್ತೆ, ಐದನೆಯದು ಸೇರುತ್ತೆ. ಸದಾ ಧನಾವೇಶ ಇರೋ ಡೊಟ್ಯಾಪ್ 50 ಮೋಲ್% ತಲುಪಿದರೆ ಶ್ವಾಸಕೋಶ, ಋಣಾವೇಶದ 18ಪಿಎ ಸೇರಿಸಿದರೆ ಗುಲ್ಮ. ಮೇಲಿನ 100 ಮೈಕ್ರೋಗ್ರಾಂ ಲೆಕ್ಕಕ್ಕೆ ಡೊಟ್ಯಾಪ್ 3.64 ಮೈಕ್ರೋಮೋಲ್, ಅಂದರೆ 2.54 ಮಿಲಿಗ್ರಾಂ, 20ರ ಸ್ಟಾಕ್‌ನಲ್ಲಿ 127 ಮೈಕ್ರೋಲೀಟರ್. ಎಥನಾಲ್ 161 ಇಟ್ಟಿದ್ದ ಜಾಗದಲ್ಲೇ ಇದು ಹಿಡಿಸುತ್ತೆ. ನೇರ 50ಕ್ಕೆ ಹಾರಬೇಡಿ. 0, 10, 20, 30, 40, 50 ಹೀಗೆ ಮೆಟ್ಟಿಲು ಮಾಡಿ. ಲಿವರ್ ಆರಿ ಶ್ವಾಸಕೋಶ ಹೊತ್ತಿಕೊಳ್ಳೋ ಬಿಂದು ನಿಮ್ಮ ಲಿಪಿಡ್‌ಗೆ ಎಲ್ಲಿದೆ ಅಂತ ಆಗಲೇ ಕಾಣೋದು.

ಆದರೆ ಇದರ ಬೆಲೆಯನ್ನೂ ಹೇಳಲೇಬೇಕು. ಈ ದಾರಿಯಲ್ಲಿ ಹೆಚ್ಚಾಗಿ ಬೆಳಗೋದು ಶ್ವಾಸಕೋಶದ ರಕ್ತನಾಳದ ಒಳಪದರ, ಉಸಿರುನಾಳದ ಎಪಿಥೀಲಿಯಂ ಅಲ್ಲ. ಜೊತೆಗೆ ಧನಾವೇಶದ ಕಣಕ್ಕೆ ಫೈಬ್ರಿನೋಜನ್ ಅಂಟಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟೋದನ್ನ ಇಲಿಗಳಲ್ಲಿ ತೋರಿಸಿದ್ದಾರೆ. ಲೂಸಿಫರೇಸ್ ಚಿತ್ರ ಎಷ್ಟು ಚೆನ್ನಾಗಿದ್ದರೂ ಅಂಗಾಂಶ ಕತ್ತರಿಸಿ ಹೆಪ್ಪು ಹುಡುಕದೆ ಮುಂದೆ ಹೋಗಬಾರದು. ನಿಮ್ಮ ಗುರಿ ಉಸಿರುನಾಳದಲ್ಲಿ ಲೋಳೆ ಕಟ್ಟೋ ಸಿಸ್ಟಿಕ್ ಫೈಬ್ರೋಸಿಸ್‌ನಂಥ ಕಾಯಿಲೆ ಆದರೆ ಉಸಿರಿನ ಮೂಲಕವೇ ಕೊಡಬೇಕು. ನೆಬ್ಯುಲೈಸರ್‌ನ ಹೊಡೆತಕ್ಕೆ ಎಲ್‌ಎನ್‌ಪಿ ಒಡೆಯುತ್ತೆ, ಪೆಗ್ ಮತ್ತು ಬಫರ್ ಎರಡನ್ನೂ ಅದಕ್ಕೆ ತಕ್ಕಂತೆ ಹೊಸದಾಗಿ ಹೊಂದಿಸಬೇಕಾಗುತ್ತೆ.

ಇನ್ನೊಂದು. ಕೋಶದೊಳಗೆ ಹೋದದ್ದೆಲ್ಲ ಕೆಲಸ ಮಾಡಲ್ಲ. ಎಂಡೋಸೋಮ್‌ನಿಂದ, ಅಂದರೆ ಕೋಶ ನುಂಗಿದ್ದನ್ನ ಇಡೋ ಚೀಲದಿಂದ, ತಪ್ಪಿಸಿಕೊಂಡು ಕೋಶದ್ರವವಾದ ಸೈಟೋಪ್ಲಾಸಂ ಸೇರೋದು 1ರಿಂದ 2% ಮಾತ್ರ ಅಂತ 2013ರಲ್ಲೇ ಜೀನನ್ನ ಸುಮ್ಮನಾಗಿಸೋ ಗಿಡ್ಡ ಎಸ್‌ಐಆರ್‌ಎನ್‌ಎ ಇಟ್ಟು ಎಣಿಸಿ ತೋರಿಸಿದ್ದಾರೆ. ವೈರಸ್ ಕೋಟ್ಯಂತರ ವರ್ಷ ಪಳಗಿದ್ದು ಈ ಒಂದು ಹೆಜ್ಜೆಯಲ್ಲೇ. ಹಾಗಾಗಿ ಫ್ಲೋರೊಸೆಂಟ್ ಲಿಪಿಡ್ ಕೋಶದಲ್ಲಿ ಕಾಣಿಸಿತು ಅಂತ ಗೆಲುವು ಬರೀಬೇಡಿ. ಟಿಎನ್‌ಎಸ್ ಬಣ್ಣ ಹಾಕಿ, ಪಿಎಚ್ 3ರಿಂದ 10ರವರೆಗಿನ ಬಫರ್ ಸಾಲಿನಲ್ಲಿ 321 ನ್ಯಾನೋಮೀಟರ್ ಬೆಳಕಿನಲ್ಲಿ ಪ್ರಚೋದಿಸಿ 445ರಲ್ಲಿ ಓದಿ, ಕಣದ ಪಿಕೆಎ (ಲಿಪಿಡ್ ಅರ್ಧದಷ್ಟು ಧನಾವೇಶ ಪಡೆಯೋ ಪಿಎಚ್) ತೆಗೆಯಿರಿ. ಲಿವರ್‌ಗೆ 6.2ರಿಂದ 6.7ರ ನಡುವೆ ಇರಬೇಕು. ಡೊಟ್ಯಾಪ್ ಸೇರಿಸಿದ ಮೇಲೆ ಇದು ಮೇಲಕ್ಕೆ ಸರಿಯುತ್ತೆ, ಗಾಬರಿ ಬೇಡ.

ಪ್ಲಾಸ್ಮಿಡ್_ಪಥ

ಮೂರನೇ ಪ್ರಶ್ನೆಗೆ, ಅಂದರೆ ಪ್ಲಾಸ್ಮಿಡ್‌ನದಕ್ಕೆ, ಉತ್ತರ ನನ್ನದು. ಎಂಆರ್‌ಎನ್‌ಎ ಜಾಗದಲ್ಲಿ ಪ್ಲಾಸ್ಮಿಡ್ ಸುರಿದರೆ ಕಣ ಕಟ್ಟಿಕೊಳ್ಳುತ್ತೆ, ಗಾತ್ರವೂ ಚೆನ್ನಾಗೇ ಬರುತ್ತೆ. ತೊಂದರೆ ಶುರುವಾಗೋದು ಅದಾದ ಮೇಲೆ. ಎಂಆರ್‌ಎನ್‌ಎಗೆ ಸೈಟೋಪ್ಲಾಸಂ ಸಾಕು, ಡಿಎನ್‌ಎ ನ್ಯೂಕ್ಲಿಯಸ್ ಒಳಗೇ ಹೋಗಬೇಕು. ತಟ್ಟೆಯಲ್ಲಿ ವಿಭಜನೆ ಆಗೋ ಕೋಶಗಳಿಗೆ ಪೊರೆ ಕರಗಿದಾಗ ನುಗ್ಗುತ್ತೆ, ಪ್ರಾಣಿಯ ಅಂಗಾಂಶದಲ್ಲಿ ವಿಭಜನೆಯೇ ಅಪರೂಪ. ಅಷ್ಟೇ ಅಲ್ಲ, ಸೈಟೋಪ್ಲಾಸಂನಲ್ಲಿ ಡಿಎನ್‌ಎ ಕಂಡರೆ ಕೋಶ ಅದನ್ನ ಸೋಂಕು ಅಂತಲೇ ತಿಳಿಯುತ್ತೆ, ಸಿಗ್ಯಾಸ್-ಸ್ಟಿಂಗ್ ಅನ್ನೋ ಎಚ್ಚರಿಕೆಯ ದಾರಿ ಎದ್ದೇಳುತ್ತೆ. ಪ್ಲಾಸ್ಮಿಡ್ ತುಂಬಿದ ಎಲ್‌ಎನ್‌ಪಿ ರಕ್ತನಾಳಕ್ಕೆ ಕೊಟ್ಟ ಇಲಿಗಳು ಉರಿಯೂತದಿಂದ ಸಾಯಬಹುದು. ಎಂಆರ್‌ಎನ್‌ಎಗೆ ಕೊಟ್ಟ ಡೋಸನ್ನೇ ಕೊಡೋದು ಖಂಡಿತ ಬೇಡ.

ಪ್ಲಾಸ್ಮಿಡ್ ಗೆದ್ದಿರೋದು ಬೇರೆ ಕಡೆ. ಅಹಮದಾಬಾದ್‌ನ ಝೈಡಸ್ ತಯಾರಿಸಿದ ಕೋವಿಡ್ ಡಿಎನ್‌ಎ ಲಸಿಕೆ ಝೈಕೋವ್-ಡಿಗೆ 2021ರ ಆಗಸ್ಟ್‌ನಲ್ಲಿ ತುರ್ತು ಬಳಕೆಯ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಲಿಪಿಡ್ಡೇ ಇಲ್ಲ. ಸೂಜಿಯಿಲ್ಲದ ಇಂಜೆಕ್ಟರ್ ದ್ರವದ ಧಾರೆಯನ್ನ ಚರ್ಮದೊಳಗೆ ನುಗ್ಗಿಸುತ್ತೆ, ಆ ಒತ್ತಡವೇ ಡಿಎನ್‌ಎಯನ್ನ ಕೋಶಕ್ಕೆ ತಳ್ಳುತ್ತೆ. ಲಸಿಕೆಗೆ ಅಲ್ಪ ಪ್ರಮಾಣ, ಅಲ್ಪ ಕಾಲ, ಜೊತೆಗೆ ಸ್ವಲ್ಪ ಉರಿಯೂತ ಇದ್ದರೆ ಒಳ್ಳೆಯದೇ. ಚಿಕಿತ್ಸೆಗೆ ಈ ಮೂರೂ ತಿರುಗುಮುರುಗು. ಬ್ರಿಟನ್‌ನಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಿಗೆ ಪ್ಲಾಸ್ಮಿಡ್-ಲಿಪೋಸೋಮ್ ಮಿಶ್ರಣವನ್ನ ತಿಂಗಳಿಗೊಮ್ಮೆ ಒಂದು ವರ್ಷ ನೆಬ್ಯುಲೈಸರ್‌ನಲ್ಲಿ ಕೊಟ್ಟ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಹುಸಿಮದ್ದು ಪಡೆದವರಿಗಿಂತ ಉಸಿರಾಟದ ಅಳತೆಯಲ್ಲಿ 3.7% ವ್ಯತ್ಯಾಸ. ಸಣ್ಣದೇ. ಆದರೂ ವೈರಸ್ ಇಲ್ಲದೆ, ಮತ್ತೆ ಮತ್ತೆ ಕೊಟ್ಟು, ಮನುಷ್ಯರ ಶ್ವಾಸಕೋಶದಲ್ಲಿ ಏನಾದರೂ ಆಗುತ್ತೆ ಅನ್ನೋದಕ್ಕೆ ನನ್ನ ಮಟ್ಟಿಗೆ ಅದು ದೊಡ್ಡ ಸಾಕ್ಷಿ.

ಇಲಿಯಲ್ಲಿ ಪ್ಲಾಸ್ಮಿಡ್‌ನ ವಿನ್ಯಾಸ ಸರಿಯಿದೆಯಾ ಅಂತಷ್ಟೇ ನೋಡಬೇಕಿದ್ದರೆ ಹೈಡ್ರೊಡೈನಾಮಿಕ್ ಇಂಜೆಕ್ಷನ್ ಇದೆ. ದೇಹತೂಕದ 8ರಿಂದ 10% ದ್ರವ, 20 ಗ್ರಾಂ ಇಲಿಗೆ ಹೆಚ್ಚೆಂದರೆ 2 ಎಂಎಲ್, 5ರಿಂದ 8 ಸೆಕೆಂಡಿನಲ್ಲಿ ಬಾಲದ ರಕ್ತನಾಳಕ್ಕೆ. ಲಿವರ್‌ನ ಪೊರೆಗಳು ಕ್ಷಣಕಾಲ ಬಿರಿದು ಡಿಎನ್‌ಎ ಒಳಗೆ ಹೋಗುತ್ತೆ. ನಿಧಾನ ಮಾಡಿದರೆ ಜೀನ್ ಅಷ್ಟಾಗಿ ಕೆಲಸ ಮಾಡಲ್ಲ. ಮನುಷ್ಯರಿಗೆ ಹೀಗೆ ಕೊಡೋ ಹಾಗಿಲ್ಲ, ಆದರೆ ಪ್ರಮೋಟರ್ (ಜೀನ್ ಚಾಲೂ ಮಾಡೋ ಭಾಗ) ಸರಿಯಿದೆಯಾ, ಸ್ಲೀಪಿಂಗ್ ಬ್ಯೂಟಿ ಟ್ರಾನ್ಸ್‌ಪೋಸಾನ್ ಜೀನನ್ನ ಕ್ರೋಮೋಸೋಮ್‌ಗೆ ಸೇರಿಸ್ತಿದೆಯಾ ಅನ್ನೋದನ್ನ ಕಣದ ತಕರಾರಿಲ್ಲದೆ ನೋಡಬಹುದು.

ಮಲ್ಲೇಶ್ವರಂ_ಓದುಗ

ಲ್ಯಾಬ್‌ನವನಲ್ಲ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಇರೋ ಕುಟುಂಬಗಳ ಜೊತೆ ಓಡಾಡೋನು. ಇಷ್ಟೆಲ್ಲ ಕಷ್ಟ ಇದ್ದರೆ ವೈರಸ್ಸೇ ಬಳಸಬಹುದಲ್ಲ ಸರ್?

ಕಣಲೆಕ್ಕ

ನ್ಯಾಯವಾದ ಪ್ರಶ್ನೆ. ಬಳಸ್ತಿದ್ದಾರೆ. ಹಿಮೋಫಿಲಿಯಾ ಎ ಗೆ ವೆಲ್ಲೂರಿನಲ್ಲಿ ನಡೆದ ಪ್ರಯೋಗದಲ್ಲಿ ರೋಗಿಯ ಮೂಲಕೋಶವನ್ನ ಹೊರಗೆ ತೆಗೆದು ಲೆಂಟಿವೈರಸ್‌ನಿಂದ ಜೀನ್ ಸೇರಿಸಿ ವಾಪಸ್ ಕೊಟ್ಟರು. ಅಲ್ಲಿನ ಮೂಲಕೋಶ ಸಂಶೋಧನಾ ಕೇಂದ್ರ ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕ. ಐದು ಜನ ರೋಗಿಗಳ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು.

ದೇಹದೊಳಗೇ ಕೊಡೋ, ಜೀನ್ ಹೊರೋ ಪುಟ್ಟ ವೈರಸ್ ಎಎವಿಯ ಮಾತು ಬೇರೆ. ಅದರಲ್ಲಿ ಸುಮಾರು 4.7 ಕಿಲೋಬೇಸ್ ಮಾತ್ರ ಹಿಡಿಸುತ್ತೆ, ಹಿಮೋಫಿಲಿಯಾ ಎ ಯ ಫ್ಯಾಕ್ಟರ್ 8 ಜೀನನ್ನ ಕತ್ತರಿಸಿ ಗಿಡ್ಡ ಮಾಡದೆ ಒಳಗೆ ಸೇರಲ್ಲ. ಮೊದಲೇ ಆಂಟಿಬಾಡಿ ಇದ್ದವರಿಗೆ ಸಾಮಾನ್ಯವಾಗಿ ಕೊಡೋಕಾಗಲ್ಲ. ಒಮ್ಮೆ ಕೊಟ್ಟ ಮೇಲೆ ಆಂಟಿಬಾಡಿ ಹುಟ್ಟಿ ಎರಡನೇ ಸಲದ ಬಾಗಿಲು ಮುಚ್ಚುತ್ತೆ. 2025ರಲ್ಲಿ ಫಿಲಡೆಲ್ಫಿಯಾದಲ್ಲಿ ಸಿಪಿಎಸ್1 (ಅಮೋನಿಯಾ ನಿವಾರಿಸೋ ಲಿವರ್ ಕಿಣ್ವ) ಕೊರತೆಯ ಹಸುಗೂಸಿಗೆ ಎಲ್‌ಎನ್‌ಪಿಯಲ್ಲಿ ಡಿಎನ್‌ಎ ಅಕ್ಷರ ತಿದ್ದೋ ಬೇಸ್ ಎಡಿಟರ್ ಕೊಟ್ಟದ್ದನ್ನ ನೋಡಿ: ಮೊದಲು ಸಣ್ಣ ಡೋಸ್, ಆಮೇಲೆ ಏರಿಸಿ ಮತ್ತೆರಡು. ಹೀಗೆ ಹಂತಹಂತವಾಗಿ ಕೊಡೋಕೆ ಆಗಿದ್ದು ವೈರಸ್ ಇಲ್ಲದ್ದರಿಂದ.

ಎಲ್‌ಎನ್‌ಪಿ ನಿರಪಾಯ ಅಂತಲ್ಲ. ಪಟಿಸಿರಾನ್ ಕೊಡೋ ಮುಂಚೆ ಸ್ಟೀರಾಯ್ಡ್, ಪ್ಯಾರಾಸಿಟಮಾಲ್, ಎರಡು ಬಗೆಯ ಹಿಸ್ಟಮಿನ್ ತಡೆ ಔಷಧ ಕೊಟ್ಟೇ, ಸುಮಾರು 80 ನಿಮಿಷ ನಿಧಾನವಾಗಿ ಹರಿಸ್ತಾರೆ. ಪೆಗ್‌ಗೂ ಆಂಟಿಬಾಡಿ ಹುಟ್ಟಬಹುದು. ಇಲಿಯಲ್ಲಿ ವಾರದೊಳಗೆ ಎರಡನೇ ಡೋಸ್ ಕೊಟ್ಟು ಹೊಳಪು ಬಿದ್ದುಹೋದರೆ ಮೊದಲು ಪೆಗ್ ವಿರುದ್ಧದ ಐಜಿಎಂ ಆಂಟಿಬಾಡಿ ಅಳೆಯಬೇಕು.

ಹೆಬ್ಬಾಳ_ಬೆಂಚ್

ಹೇಳಿದ ಹಾಗೆ ಮಾಡಿದೆ. ಡಿಎಸ್‌ಪಿಸಿ ವಯಲ್‌ನಲ್ಲಿ ಬಿಳಿ ಎಳೆ ಇತ್ತು. ಬಿಸಿ ಮಾಡಿ, ವೋರ್ಟೆಕ್ಸ್‌ನಲ್ಲಿ ಒಂದೇ ಸಲಕ್ಕೆ ಬಿಟ್ಟು, ಎರಡು ನಿಮಿಷದೊಳಗೆ 10 ಪಟ್ಟು ಪಿಬಿಎಸ್. ಗಾತ್ರ 112, ಮಾರನೇ ದಿನ 116, ಪಿಡಿಐ 0.17. ಎರಡು ಕರ್ವ್‌ನಲ್ಲಿ ಅಳೆದರೆ ಒಳಗೆ 92%. ಡೊಟ್ಯಾಪ್ ಮೆಟ್ಟಿಲಿಗೆ ಪ್ರಾಣಿ ನೈತಿಕ ಸಮಿತಿಗೆ ತಿದ್ದುಪಡಿ ಕೊಡಬೇಕು, ಸಮಯ ಹಿಡಿಯುತ್ತೆ. ಅಲ್ಲೀವರೆಗೆ ಈ ಬ್ಯಾಚ್ ಫ್ರೀಜ್ ಮಾಡಿ ಇಡಬಹುದಾ?

ಅಳತೆಗೋಲು

ಪಿಬಿಎಸ್‌ನಲ್ಲಿ ಫ್ರೀಜ್ ಮಾಡಬೇಡಿ. ಹೆಪ್ಪುಗಟ್ಟುವಾಗ ಡೈಸೋಡಿಯಂ ಫಾಸ್ಫೇಟ್ ಮೊದಲು ಹರಳಾಗಿ ಬೇರೆಯಾಗುತ್ತದೆ, ಉಳಿದ ದ್ರವದ ಪಿಎಚ್ ಕುಸಿಯುತ್ತದೆ. ಆಗ ಲಿಪಿಡ್ ಮತ್ತೆ ಧನಾವೇಶ ಪಡೆದು ಕಣಗಳು ಬೆಸೆದುಕೊಳ್ಳುತ್ತವೆ. 20 ಮಿಲಿಮೋಲಾರ್ ಟ್ರಿಸ್, ಪಿಎಚ್ 7.4, 8ರಿಂದ 10% ಸುಕ್ರೋಸ್‌ಗೆ ಬಫರ್ ಬದಲಾಯಿಸಿ. 100 ಮೈಕ್ರೋಲೀಟರ್‌ನಂತೆ ಹಂಚಿ, ಮೈನಸ್ 80ರಲ್ಲಿಡಿ. ಕರೆಂಟ್ ಹೋದಾಗ ಆ ಫ್ರೀಜರ್ ಜನರೇಟರ್ ಸಾಲಿಗೆ ಬದಲಾಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ, ಒಮ್ಮೆ ಅರ್ಧ ಕರಗಿ ಮತ್ತೆ ಗಟ್ಟಿಯಾದ ಕಣ ಕೆಲಸಕ್ಕೆ ಬಾರದು. ಒಂದು ಟ್ಯೂಬ್ ನಾಳೆಯೇ ಕರಗಿಸಿ ಗಾತ್ರ, ಪಿಡಿಐ, ರೈಬೋಗ್ರೀನ್ ಮೂರನ್ನೂ ನೋಡಿ. ಕರಗಿಸುವಾಗ ವೋರ್ಟೆಕ್ಸ್ ಬೇಡ, ಟ್ಯೂಬನ್ನು ನಾಲ್ಕೈದು ಸಲ ಮೆಲ್ಲಗೆ ತಲೆಕೆಳಗು ಮಾಡಿದರೆ ಸಾಕು.